ಗಬ್ಬ ನಿಲ್ಲದ ದನ: ಮೊದಲು ಬೆನ್ನು ಸವರಿ ನೋಡಿ

ದನ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ಇದಕ್ಕೆ ನಾವು ಹತ್ತು ಕಾರಣ ಹೇಳುತ್ತೇವೆ. ಎಲ್ಲಕ್ಕಿಂತ ಹೆಚ್ಚು ಸಲ ಕಾಣುವ ಕಾರಣ ಮಾತ್ರ ಅದರ ಮೈಮೇಲೇ ಇರುತ್ತದೆ. ತಿಳಿಯಲು ಖರ್ಚಿಲ್ಲ. ಕೈ ಇದ್ದರೆ ಸಾಕು.

"ನಾಲ್ಕು ಸಲ ಸೂಜಿ ಹಾಕ್ಸಿ ಆಯ್ತು, ನಿಲ್ಲೂದೇ ಇಲ್ಲ ಮಾರಾಯ." ಮಲ್ಲಾಪುರ, ಕದ್ರಾ ಕಡೆ ಇರಲಿ, ಅಂಕೋಲೆಯ ಹಿಲ್ಲೂರು, ಅಚವೆ ಕಡೆ ಇರಲಿ, ಎರಡು ದನ ಕಟ್ಟಿದವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ವೀರ್ಯ ಸರಿಯಿಲ್ಲ ಅಂತಾರೆ. ಇನ್ನೊಬ್ಬರು ಸೂಜಿ ಹಾಕಿದವರ ಕೈ ಸರಿಯಿಲ್ಲ ಅಂತಾರೆ. ದೃಷ್ಟಿಯಾಗಿದೆ ಅನ್ನುವವರೂ ಇದ್ದಾರೆ. ಕಡೆಗೆ ದನಕ್ಕೆ 'ಗೊಡ್ಡು' ಅಂತ ಹೆಸರು ಬೀಳುತ್ತದೆ. ಹಾಗೆ ಹೆಸರು ಬಿದ್ದ ದನವನ್ನು ಮಾರುವುದೂ ಈಗ ಸುಲಭವಿಲ್ಲ, ಸಾಕುವುದೂ ಸುಲಭವಿಲ್ಲ.

ಇದರಲ್ಲಿ ಎಷ್ಟು ದನ ನಿಜವಾಗಿ ಗೊಡ್ಡು? ಬಹಳ ಕಡಿಮೆ. ಹೆಚ್ಚಿನವು ಹೊಟ್ಟೆ ತುಂಬಿಯೂ ಮೈ ತುಂಬದ ದನಗಳು.

ಒಂದು ಲೆಕ್ಕ

ಒಂದು ದನ 24 ತಿಂಗಳಿಗೆ ಒಂದು ಕರು ಹಾಕಿದರೆ ಹತ್ತು ವರ್ಷದಲ್ಲಿ 5 ಕರು. ಅದೇ ದನ 14 ತಿಂಗಳಿಗೆ ಒಂದು ಹಾಕಿದರೆ 8 ಕರು. ಮೂರು ಕರು, ಮೂರು ಸೂಲಿನ ಹಾಲು ವ್ಯತ್ಯಾಸ. ಹುಲ್ಲು ಮಾತ್ರ ಎರಡು ದನವೂ ವರ್ಷವಿಡೀ ತಿನ್ನುತ್ತವೆ, ಸಗಣಿ ಬಾಚುವುದೂ ಅಷ್ಟೇ.

ದನದ ಬಸಿರು ಒಂಬತ್ತು ತಿಂಗಳು ಒಂಬತ್ತು ದಿನ ಅಂತ ಹಿರಿಯರ ಲೆಕ್ಕ. 280ರಿಂದ 290 ದಿನ ಹಿಡಿಯಬಹುದು. ಹದಿಮೂರು ಹದಿನಾಲ್ಕು ತಿಂಗಳಿಗೊಂದು ಕರು ಬೇಕೆಂದರೆ ಕರು ಹಾಕಿದ ಮೂರು ನಾಲ್ಕು ತಿಂಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ನಾಲ್ಕು ತಪ್ಪಿದರೆ ಸುಮಾರು ಮೂರು ತಿಂಗಳು.

ದನದ ಮೈಯೊಳಗಿನ ಸರದಿ

ತಿಂದದ್ದು ಮೈಯೊಳಗೆ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಮೊದಲ ಪಾಲು ಜೀವ ಹಿಡಿದಿಡಲು: ಉಸಿರು, ಮೈ ಬಿಸಿ, ನಡಿಗೆ. ಗುಡ್ಡ ಹತ್ತಿ ಇಳಿದು ಮೇಯುವ ದನಕ್ಕೆ ಈ ಪಾಲೇ ದೊಡ್ಡದು. ಎರಡನೆಯದು ಕರುವಿಗೆ ಹಾಲು. ಎಳೆ ಪ್ರಾಯದ್ದಾದರೆ ಅದರ ಸ್ವಂತ ಬೆಳವಣಿಗೆಗೂ ಪಾಲು ಬೇಕು. ಇವೆಲ್ಲ ಮುಗಿದು ಮಿಕ್ಕಿದರೆ ಮೈಗೆ ಕೊಬ್ಬು. ಮತ್ತೆ ಬಸಿರಾಗುವುದು ಕೊನೆಯ ಸರದಿ. ಮನೆಯಲ್ಲಿ ಅಕ್ಕಿ ಇಲ್ಲದಾಗ ಮದುವೆ ಮುಂದೆ ಹಾಕಿದ ಹಾಗೆ, ದನದ ಮೈ ಕೂಡ ಬಸಿರನ್ನು ಮುಂದೆ ಹಾಕುತ್ತದೆ.

ಕರು ಹಾಕಿದ ಮೇಲೆ ಹಾಲು ಬೇಗ ಏರುತ್ತದೆ, ಒಂದೂವರೆ ಎರಡು ತಿಂಗಳಲ್ಲಿ ತುದಿ ಮುಟ್ಟುತ್ತದೆ. ಹಸಿವು ಅಷ್ಟು ಬೇಗ ಏರುವುದಿಲ್ಲ, ಪೂರ್ತಿ ತಿನ್ನಲು ಎರಡೂವರೆ ಮೂರು ತಿಂಗಳು ಬೇಕು. ನಡುವಿನ ಕೊರತೆಯನ್ನು ದನ ತನ್ನ ಮೈಯಿಂದಲೇ ತುಂಬಿಸುತ್ತದೆ. ಮೈಯಲ್ಲಿ ಕೂಡಿಟ್ಟದ್ದು ಇದ್ದರೆ ತೊಂದರೆ ಇಲ್ಲ. ಇಲ್ಲದಿದ್ದರೆ ಮಿದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಚೋದಕಗಳು ಕುಂದುತ್ತವೆ. ಅಂಡ ಬಲಿಯುವುದಿಲ್ಲ, ಬೆದೆ ಕಾಣುವುದಿಲ್ಲ. ಕಂಡರೂ ಸದ್ದಿಲ್ಲದ ಬೆದೆ. ಕೂಗಿಲ್ಲ, ಹಾರಾಟವಿಲ್ಲ, ಒಂದಿಷ್ಟು ಲೋಳೆ ಬಿದ್ದರೆ ಬಿತ್ತು. ಕಟ್ಟಿ ಹಾಕಿದ ದನದಲ್ಲಿ ಅದು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ವಿಷಯ. ಅಂಡ ಬೆಳೆದು ಬಲಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಂದರೆ ಇವತ್ತಿನ ಬೆದೆಯಲ್ಲಿ ಕಾಣುವುದು ಎರಡು ಮೂರು ತಿಂಗಳ ಹಿಂದಿನ ಮೇವು. ಸೂಜಿ ಹಾಕಿಸುವ ವಾರದಲ್ಲಿ ನಾಲ್ಕು ಕಿಲೋ ಹಿಂಡಿ ತಂದು ಸುರಿದರೆ ಆ ಸಲಕ್ಕೆ ಪ್ರಯೋಜನ ಕಡಿಮೆ.

ಕೈಯಿಂದ ನೋಡುವ ಐದು ಅಂಕ

ದನದ ಮೈಕಟ್ಟಿಗೆ ಅಂಕ ಕೊಡುವ ಪದ್ಧತಿ ಈಗ ಹಲವು ದೇಶಗಳಲ್ಲಿ ಇದೆ. ಆಸ್ಟ್ರೇಲಿಯದಲ್ಲಿ 1961ರಲ್ಲಿ ಕುರಿಗಳಿಗೆಂದು ಮಾಡಿದ್ದು, ಆಮೇಲೆ ದನಗಳಿಗೂ ಬಂತು. ಒಂದರಿಂದ ಐದರ ತನಕ ಅಂಕ. ತಕ್ಕಡಿ ಬೇಡ. ದನದ ಎಡಪಕ್ಕದಲ್ಲಿ ನಿಂತು ಮೂರು ಜಾಗ ಮುಟ್ಟಿ ನೋಡಬೇಕು. ಪಕ್ಕೆಲುಬು, ಸೊಂಟದ ಮೇಲೆ ಬೆನ್ನೆಲುಬಿನಿಂದ ಪಕ್ಕಕ್ಕೆ ಚಾಚಿದ ಅಡ್ಡ ಎಲುಬುಗಳ ತುದಿ, ಮತ್ತೆ ಬಾಲದ ಬುಡದ ಎರಡು ಬದಿಯ ಗುಳಿ.

ಅಂಕ 1: ದೂರದಿಂದಲೇ ಎಲ್ಲ ಎಲುಬು ಎಣಿಸಬಹುದು. ಬಾಲದ ಬುಡದಲ್ಲಿ ಆಳ ಗುಳಿ, ಚರ್ಮ ಎಲುಬಿಗೇ ಅಂಟಿದೆ.

ಅಂಕ 2: ಪಕ್ಕೆಲುಬು ಕಾಣುತ್ತದೆ. ಸೊಂಟದ ಅಡ್ಡ ಎಲುಬಿನ ತುದಿ ಬೆರಳಿಗೆ ಚೂಪಾಗಿ ತಾಗುತ್ತದೆ. ಬಾಲದ ಬುಡದ ಗುಳಿ ಕಾಣುತ್ತದೆ, ಆದರೆ ಚರ್ಮದಡಿ ಸ್ವಲ್ಪ ಮಾಂಸವಿದೆ.

ಅಂಕ 3: ಪಕ್ಕೆಲುಬು ಹೆಚ್ಚು ಕಾಣುವುದಿಲ್ಲ, ಹಿಂದಿನ ಒಂದೆರಡು ಮಾತ್ರ ಮಸುಕು. ಮೆಲ್ಲಗೆ ಒತ್ತಿದರೆ ಅಡ್ಡ ಎಲುಬು ದುಂಡಾಗಿ ತಾಗುತ್ತದೆ. ಬಾಲದ ಬುಡದ ಗುಳಿ ಮೇಲುಮೇಲಿನದು.

ಅಂಕ 4: ಗಟ್ಟಿಯಾಗಿ ಒತ್ತಿದರೆ ಮಾತ್ರ ಎಲುಬು ಸಿಗುತ್ತದೆ. ಬಾಲದ ಬುಡದಲ್ಲಿ ಕೊಬ್ಬಿನ ಉಂಡೆ.

ಅಂಕ 5: ಎಷ್ಟು ಒತ್ತಿದರೂ ಎಲುಬು ಸಿಗದು. ಬಾಲದ ಬುಡ ಕೊಬ್ಬಿನಲ್ಲಿ ಹೂತಿದೆ.

ನಡುವೆ ಅರ್ಧ ಅಂಕವನ್ನೂ ಕೊಡಬಹುದು. ಕರು ಹಾಕುವಾಗ ದನ 3ರಲ್ಲಿರಬೇಕು, ಮೂರೂವರೆ ಆದರೂ ಅಡ್ಡಿಯಿಲ್ಲ. ಕರು ಹಾಕಿದ ಮೇಲೆ ಸ್ವಲ್ಪ ಇಳಿಯುವುದು ಸಹಜ. ಅರ್ಧ ಅಂಕ ಇಳಿದರೆ ಚಿಂತೆ ಬೇಡ, ಒಂದು ಅಂಕಕ್ಕಿಂತ ಜಾಸ್ತಿ ಇಳಿಯಬಾರದು. ಸೂಜಿ ಹಾಕಿಸುವಾಗ ಅಥವಾ ಹೋರಿಗೆ ಬಿಡುವಾಗ ಎರಡೂವರೆಗಿಂತ ಕೆಳಗಿರಬಾರದು, ಮತ್ತೆ ಆಗ ಮೈ ಏರುತ್ತಾ ಇರಬೇಕು. ಇಳಿಯುತ್ತಿರುವ ಮೈಗಿಂತ ಏರುತ್ತಿರುವ ಮೈ ಒಳ್ಳೆಯದು.

ಇಲ್ಲಿ ಮೂರು ಮೋಸಗಳಿವೆ. ಒಂದು, ಹೊಟ್ಟೆ. ಬರೀ ಬೈಹುಲ್ಲು ತಿಂದ ದನಕ್ಕೆ, ಹುಳ ಇರುವ ದನಕ್ಕೆ ಹೊಟ್ಟೆ ಡೊಳ್ಳಾಗಿರುತ್ತದೆ. ಹೊಟ್ಟೆ ಕಂಡು ಮೈ ಇದೆ ಅನ್ನಬಾರದು. ಎರಡು, ಮಳೆಗಾಲದ ದಪ್ಪ ರೋಮ. ಕಣ್ಣಿಗೆ ಮೈ ತುಂಬಿದ ಹಾಗೆ ಕಾಣುತ್ತದೆ, ಕೈ ಇಟ್ಟರೆ ಎಲುಬು. ಮೂರು, ತುಂಬು ಗಬ್ಬ. ಏಳೆಂಟು ತಿಂಗಳ ಗಬ್ಬದ ದನದಲ್ಲಿ ಉಬ್ಬಿದ್ದು ಕರು, ತಾಯಿಯ ಮೈಯಲ್ಲ. ಅದಕ್ಕೇ ಕಣ್ಣಿಗಿಂತ ಕೈ ನಂಬಬೇಕು. ಊರ ದನಗಳಲ್ಲಿ ಹಿಣಿಲನ್ನೂ ಮುಟ್ಟಿ ನೋಡಿ. ಗಟ್ಟಿಯಾಗಿ ನೆಟ್ಟಗಿದ್ದದ್ದು ಜೋಲಿ ಪಕ್ಕಕ್ಕೆ ವಾಲಿದರೆ ಮೈಯ ದಾಸ್ತಾನು ಖಾಲಿಯಾಗುತ್ತಿದೆ ಎಂದು ತಿಳಿಯಬೇಕು.

ನಮ್ಮ ಗಿಡ್ಡ, ನಮ್ಮ ಹವೆ

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ಮಲೆನಾಡು ಗಿಡ್ಡ. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಸ್ಥೆ ಇದನ್ನು ಸ್ವತಂತ್ರ ತಳಿ ಎಂದು ನೋಂದಾಯಿಸಿದೆ. ಹಸು ನೂರು ಕಿಲೋ ಆಜುಬಾಜು ತೂಗುತ್ತದೆ, ಒಂದೆರಡು ಲೀಟರ್ ಹಾಲು. ಕಡಿಮೆ ತಿಂದು, ಗುಡ್ಡ ಮೇದು, ಮಳೆ ಸಹಿಸಿ ಬದುಕುವ ದನ. ಅದಕ್ಕಾಗಿಯೇ ನಾವು ಅದಕ್ಕೆ ಏನೂ ಹಾಕಬೇಕಿಲ್ಲ ಎಂದು ತಿಳಿದುಬಿಡುತ್ತೇವೆ. ಬದುಕುವುದಕ್ಕೆ ಏನೂ ಬೇಡ, ನಿಜ. ವರ್ಷಕ್ಕೊಂದು ಕರು ಕೊಡುವುದಕ್ಕೆ ಬೇಕು. ಈ ಚಿಕ್ಕ ಮೈಯಲ್ಲಿ ಒಂದು ಅಂಕ ಅಂದರೆ ಹತ್ತು ಹನ್ನೆರಡು ಕಿಲೋ ಅಷ್ಟೇ. ಕಳೆದುಕೊಳ್ಳಲು ಒಂದು ತಿಂಗಳು ಸಾಕು, ಗಳಿಸಲು ಎರಡು ಮೂರು ತಿಂಗಳು ಬೇಕು.

ನಮ್ಮ ಕರಾವಳಿಯ ವರ್ಷ ನೋಡಿ. ಜೂನಿನಲ್ಲಿ ಮಳೆ ಹಿಡಿದರೆ ಗುಡ್ಡ, ಬೇಣ ಎಲ್ಲ ಹಸಿರು. ಮೊದಲ ತಿಂಗಳ ಹುಲ್ಲು ಬರೀ ನೀರು, ಸಗಣಿ ತೆಳ್ಳಗಾಗುತ್ತದೆ, ಮೈ ಹತ್ತುವುದಿಲ್ಲ. ಆಗಸ್ಟ್ ಹೊತ್ತಿಗೆ ಹುಲ್ಲು ಬಲಿಯುತ್ತದೆ. ಆಗಿನಿಂದ ದೀಪಾವಳಿ ತನಕ ದನದ ಮೈ ಏರುವ ಕಾಲ. ಸಂಕ್ರಾಂತಿ ಕಳೆಯಿತೆಂದರೆ ಬೇಣ ಒಣಗಿತು. ಫೆಬ್ರವರಿಯಿಂದ ಮೇ ಕೊನೆ ತನಕ ಮಕ್ಕಿಗದ್ದೆಯ ಬೈಹುಲ್ಲು ಮತ್ತು ದೂರದ ಅಲೆದಾಟ. ಈ ನಾಲ್ಕು ತಿಂಗಳಲ್ಲಿ ಮೂರರ ದನ ಎರಡಕ್ಕೆ ಇಳಿಯುತ್ತದೆ.

ಹಾಗಾಗಿ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯೊಳಗೆ ಗಬ್ಬ ನಿಂತ ದನ ಸುಮಾರು ಮೇ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಕರು ಹಾಕುತ್ತದೆ. ಹಾಲು ಏರುವಾಗ ಹಸಿರು ಸಿಗುತ್ತದೆ, ಮತ್ತೆ ಬೆದೆಗೆ ಬರುವಾಗ ಮೈ ಏರುವ ಕಾಲ. ಹೋರಿ ಜೊತೆಗೆ ಮೇಯುವ ಗಿಡ್ಡಗಳು ತಾವಾಗಿಯೇ ಈ ಚಕ್ರ ಹಿಡಿಯುವುದನ್ನು ನೋಡಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಕರು ಹಾಕಿದ ದನಕ್ಕೆ ಎಲ್ಲವೂ ತಿರುಗುಮುರುಗು. ಹಾಲು ಏರುವ ಹೊತ್ತಿಗೆ ಬರಗಾಲ. ಅಂಥ ದನಕ್ಕೆ ಮೇವು ಕೂಡಿಡದಿದ್ದರೆ ಮಳೆಗಾಲ ಕಳೆಯುವ ತನಕ ಬೆದೆಯ ಆಸೆ ಬಿಡಬೇಕಾಗುತ್ತದೆ.

ಯಾವಾಗ ಹಾಕಬೇಕು

ಹೆಚ್ಚಿನವರು ಹಿಂಡಿ ಹಾಕುವುದು ಹಾಲು ಹಿಂಡುವಾಗ ಮಾತ್ರ. ಹಾಲು ಬತ್ತಿತೆಂದರೆ ಹಿಂಡಿಯೂ ನಿಂತಿತು. ಮುಂದಿನ ಗಬ್ಬಕ್ಕೆ ಬುನಾದಿ ಬೀಳುವುದು ಆ ಬತ್ತಿದ ಎರಡು ತಿಂಗಳಲ್ಲೇ. ಹೊಟ್ಟೆಯ ಕರು ಅತಿ ಹೆಚ್ಚು ಬೆಳೆಯುವುದೂ ಆಗಲೇ. ಒಂದು ಹಿಡಿ ಹಿಂಡಿ ಇದ್ದರೆ ಅದನ್ನು ಯಾವಾಗ ಹಾಕಬೇಕು ಅಂತ ಕೇಳಿದರೆ ನನ್ನ ಉತ್ತರ: ಕರು ಹಾಕುವ ಮುಂಚಿನ ಎರಡು ತಿಂಗಳು, ಹಾಕಿದ ಮೇಲಿನ ಎರಡು ತಿಂಗಳು. ಉಳಿದ ಸಮಯದಲ್ಲಿ ಹುಲ್ಲಿನಲ್ಲಿ ಹೊಂದಿಸಬಹುದು.

ಗಿಡ್ಡಕ್ಕೆ ಬತ್ತಿದ ಎರಡು ತಿಂಗಳು ದಿನಕ್ಕೆ 600 ಗ್ರಾಂ ಹಿಂಡಿ-ತೌಡು ಸಾಕು. 60 ದಿನಕ್ಕೆ 36 ಕಿಲೋ. ಕಿಲೋಗೆ 30 ರೂಪಾಯಿ ಹಿಡಿದರೆ ಸಾವಿರದ ಎಂಬತ್ತು ರೂಪಾಯಿ. ನಾಲ್ಕು ತಿಂಗಳು ಸುಮ್ಮನೆ ಕಟ್ಟಿ ಸಾಕುವ ಹುಲ್ಲಿನ ಬೆಲೆ ಇದಕ್ಕಿಂತ ಹೆಚ್ಚು. ಜರ್ಸಿ ಮಿಶ್ರತಳಿಗೆ ಒಂದೂವರೆಯಿಂದ ಎರಡು ಕಿಲೋ ಬೇಕು. ಕರು ಹಾಕಿದ ಮೇಲೆ ಮೈಗೆಂದು ಒಂದು ಪಾಲು, ಹಾಲಿಗೆಂದು ಎರಡೂವರೆ ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಕೊಡಬೇಕು. ಒಮ್ಮೆಲೇ ಏರಿಸಬಾರದು, ವಾರ ಹತ್ತು ದಿನ ಹಿಡಿದು ಏರಿಸಬೇಕು.

ನಮ್ಮ ಕೇರಿಯ ಒಬ್ಬರ ಜರ್ಸಿ ಮಿಶ್ರ ದನ ಜನವರಿಯಲ್ಲಿ ಕರು ಹಾಕಿತ್ತು. ದಿನಕ್ಕೆ ಆರು ಲೀಟರ್ ಹಾಲು. ಏಪ್ರಿಲ್ ತನಕ ಬೆದೆಯಿಲ್ಲ. ಮೇ ತಿಂಗಳಲ್ಲಿ ಸ್ವಲ್ಪ ಲೋಳೆ ಕಂಡು ಸೂಜಿ ಹಾಕಿಸಿದರು, ನಿಲ್ಲಲಿಲ್ಲ. ಕೈ ಇಟ್ಟು ನೋಡಿದರೆ ಸೊಂಟದ ಎಲುಬು ಗರಗಸದ ಹಾಗೆ ತಾಗುತ್ತಿತ್ತು. ಅಂಕ ಎರಡಕ್ಕಿಂತ ಮೇಲಿಲ್ಲ. ಸಗಣಿ ಪರೀಕ್ಷೆ ಮಾಡಿಸಿ ಹುಳದ ಔಷಧಿ ಕೊಟ್ಟರು. ಖನಿಜ ಮಿಶ್ರಣ ಶುರುಮಾಡಿ, ಹಿಂಡಿ ಒಂದೂವರೆ ಕಿಲೋ ಏರಿಸಿದರು. ಮಧ್ಯೆ ಬೆದೆ ಕಂಡರೂ ಸೂಜಿ ಹಾಕಿಸದೆ ಬಿಟ್ಟರು. ಆಗಸ್ಟಿನಲ್ಲಿ ಮೈ ಎರಡೂವರೆ ದಾಟಿತ್ತು, ಬೆದೆಯೂ ಜೋರಾಗಿಯೇ ಬಂತು. ಆ ಸಲದ ಸೂಜಿಗೆ ನಿಂತಿತು. ಮಳೆಗಾಲದ ಹುಲ್ಲಿನ ಪಾಲೂ ಅದರಲ್ಲಿ ಇದೆ ಅನ್ನಿ. ಆದರೆ ಅದೇ ಹಿಂಡಿ ಕಳೆದ ನವೆಂಬರ್, ಡಿಸೆಂಬರ್‌ನಲ್ಲಿ ಬಿದ್ದಿದ್ದರೆ ಇಷ್ಟು ಕಾಯಬೇಕಿರಲಿಲ್ಲ.

ಏನು ಹಾಕಬೇಕು

ಪೇಟೆಯ ಚೀಲ ತರಲೇಬೇಕು ಅಂತಿಲ್ಲ. ಬೈಹುಲ್ಲು ಹೊಟ್ಟೆ ತುಂಬಿಸುತ್ತದೆ, ಅದರಲ್ಲಿ ಸಸಾರಜನಕ ನೂರಕ್ಕೆ ಮೂರು ನಾಲ್ಕು ಪಾಲಿಗಿಂತ ಹೆಚ್ಚಿಲ್ಲ. ಅದನ್ನು ಯೂರಿಯಾದಿಂದ ಹದ ಮಾಡಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಪ್ಲಾಸ್ಟಿಕ್ ಹೊದಿಸಿ ಗಾಳಿಯಾಡದ ಹಾಗೆ 21 ದಿನ ಬಿಡಬೇಕು. ತೆಗೆದದ್ದನ್ನು ಸ್ವಲ್ಪ ಹೊತ್ತು ಹರವಿ ವಾಸನೆ ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ನೀರು ಮಾತ್ರ ದನದ ಬಾಯಿಗೆ ಸಿಗಬಾರದು, ಅದು ವಿಷ. ನಮ್ಮಲ್ಲಿ ಡಿಸೆಂಬರ್, ಜನವರಿ ಈ ಕೆಲಸಕ್ಕೆ ಸರಿಯಾದ ಕಾಲ.

ಅಂಕೋಲೆ ಕಡೆ ಶೇಂಗಾ ಬೆಳೆಯುವವರು ಬಳ್ಳಿಯನ್ನು ನೆರಳಲ್ಲಿ ಒಣಗಿಸಿ ಇಟ್ಟರೆ ಬೇಸಿಗೆಗೆ ಅದಕ್ಕಿಂತ ಒಳ್ಳೆ ಮೇವಿಲ್ಲ. ಬೂಸಲು ಹಿಡಿದದ್ದು ಮಾತ್ರ ಹಾಕಬೇಡಿ, ಗಬ್ಬದ ದನಕ್ಕೆ ಅಪಾಯ. ಉದ್ದು, ಅಲಸಂದೆ ಹೊಟ್ಟೂ ಒಳ್ಳೆಯದು. ಬೇಲಿಗೆ ಗೊಬ್ಬರದ ಗಿಡ ಹಾಕಿದರೆ ಬೇಸಿಗೆಯಲ್ಲೂ ಹಸಿರು ಸೊಪ್ಪು. ವಾಸನೆಗೆ ಮೊದಲು ದನ ಮೂಗು ತಿರುಗಿಸುತ್ತದೆ. ಒಂದು ದಿನ ಬಾಡಿಸಿ, ಬೇರೆ ಹುಲ್ಲಿಗೆ ಬೆರೆಸಿ ಅಭ್ಯಾಸ ಮಾಡಿಸಬೇಕು. ಹಲಸಿನ ಸೊಪ್ಪು ಸರಿ. ಹಲಸಿನ ಹಣ್ಣಿನ ರಚ್ಚೆ ಒಂದೇ ಸಲ ಬುಟ್ಟಿಗಟ್ಟಲೆ ಹಾಕಿದರೆ ಹೊಟ್ಟೆ ಹುಳಿಯಾಗಿ ದನ ಬೀಳುತ್ತದೆ. ಬಾಳೆದಿಂಡು ಬರೀ ನೀರು, ಅದನ್ನು ಮೇವಿನ ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಜುಬಾಜು ಮಳೆ ಬೀಳುವ ಜಂಬಿಟ್ಟಿಗೆ ನೆಲ. ಲವಣವೆಲ್ಲ ಕೊಚ್ಚಿ ಹೋಗಿದೆ, ಹುಲ್ಲಿನಲ್ಲಿ ರಂಜಕ ಕಡಿಮೆ. ದನ ಬಟ್ಟೆ, ಎಲುಬು, ಪ್ಲಾಸ್ಟಿಕ್ ಅಗಿಯುವುದಕ್ಕೆ ಇದೂ ಒಂದು ಕಾರಣ. ಗಿಡ್ಡಕ್ಕೆ ದಿನಕ್ಕೆ 20-30 ಗ್ರಾಂ, ಮಿಶ್ರತಳಿಗೆ 50 ಗ್ರಾಂ ಖನಿಜ ಮಿಶ್ರಣವನ್ನು ಉಪ್ಪಿನೊಂದಿಗೆ ಅಕ್ಕಚ್ಚಿನಲ್ಲೋ ತೌಡಿನಲ್ಲೋ ಕೊಡಬಹುದು. ಆದರೆ ಹೊಟ್ಟೆಗಿಲ್ಲದ ದನಕ್ಕೆ ಬರೀ ಖನಿಜ ಕೊಟ್ಟು ಬೆದೆ ಕಾಯುವುದು ಅಕ್ಕಿಯಿಲ್ಲದೆ ಉಪ್ಪು ಬೇಯಿಸಿದ ಹಾಗೆ.

ಗದ್ದೆ, ಹಳ್ಳದ ಬದಿ ಮೇಯುವ ದನಗಳಿಗೆ ಬಸವನಹುಳದ ಮೂಲಕ ಯಕೃತ್ತಿನ ಹುಳ ಸೇರುತ್ತದೆ. ಎಷ್ಟು ಹಾಕಿದರೂ ಮೈ ಹತ್ತದಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಹಾಗೆ ಊದಿದರೆ, ಸಗಣಿ ಪರೀಕ್ಷೆ ಮಾಡಿಸಿ. ಔಷಧಿ ಕೇಳುವಾಗ ಗಬ್ಬ ಎಷ್ಟು ತಿಂಗಳದ್ದು ಎಂದು ಡಾಕ್ಟರಿಗೆ ಹೇಳಬೇಕು. ಕೆಲವು ಹುಳದ ಔಷಧಿಗಳು ಎಳೆ ಗಬ್ಬಕ್ಕೆ ಆಗುವುದಿಲ್ಲ.

ಕೊಬ್ಬಿದರೂ ಕಷ್ಟ

ಮೈ ಬೇಕು ಅಂದರೆ ಕೊಬ್ಬಬೇಕು ಅಂತಲ್ಲ. ಹೋಟೆಲಿನ ಅನ್ನ, ಮಿಕ್ಕ ತಿಂಡಿ ತಂದು ಹಾಕುವ ಕೊಟ್ಟಿಗೆಗಳಲ್ಲಿ ನಾಲ್ಕೂವರೆ ಅಂಕದ ಮಿಶ್ರತಳಿಗಳನ್ನು ನೋಡಬಹುದು. ಇವುಗಳಿಗೆ ಕರು ಹಾಕುವಾಗಲೇ ಕಷ್ಟ. ಹಾಕಿದ ಮೇಲೆ ಮೇವು ಬಿಡುತ್ತವೆ, ಯಕೃತ್ತಿಗೆ ಕೊಬ್ಬು ಸೇರುತ್ತದೆ, ಮೈ ಸರ್ರನೆ ಇಳಿಯುತ್ತದೆ. ಹೀಗೆ ಇಳಿಯುವ ದನವೂ ಬಡಕಲು ದನದ ಹಾಗೆಯೇ ಗಬ್ಬ ನಿಲ್ಲುವುದಿಲ್ಲ.

ಕಡಸುಗಳ ಮಾತು ಬೇರೆ

ಮೊದಲ ಸೂಲಿನ ಹಸುವೇ ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳುವುದು. ಅದು ಹಾಲೂ ಕೊಡಬೇಕು, ತಾನೂ ಬೆಳೆಯಬೇಕು. ಕಡಸು ದೊಡ್ಡ ದನದ ತೂಕದ ನೂರಕ್ಕೆ ಅರವತ್ತು ಅರವತ್ತೈದು ಪಾಲು ಮುಟ್ಟಿದ ಮೇಲೆ ಕಟ್ಟಿಸಬೇಕು, ವಯಸ್ಸು ನೋಡಿ ಅಲ್ಲ. ತೂಕಕ್ಕೆ ಟೇಪು ಸಾಕು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದಿಂದ ಕುಂಡಿ ಎಲುಬಿನ ತನಕದ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಅಳತೆ ಇಂಚಿನಲ್ಲಿರಬೇಕು. ಸುತ್ತಳತೆ 44, ಉದ್ದ 36 ಇದ್ದರೆ ಸುಮಾರು 105 ಕಿಲೋ. ಇದು ಅಂದಾಜು. ಆದರೂ ಅದೇ ದನ ತಿಂಗಳಿಂದ ತಿಂಗಳಿಗೆ ಏರಿತೋ ಇಳಿಯಿತೋ ತಿಳಿಯಲು ಸಾಕು.

ಮೈ ಸರಿಯಿದ್ದೂ ನಿಲ್ಲದಿದ್ದರೆ

ಎಲ್ಲವನ್ನೂ ಮೈಗೇ ಹಚ್ಚಲು ಬರುವುದಿಲ್ಲ. ಅಂಕ ಮೂರಿದ್ದು, 21 ದಿನಕ್ಕೆ ಸರಿಯಾಗಿ ಬೆದೆಗೆ ಬಂದು, ಮೂರು ಸಲ ಹಾಕಿಸಿದರೂ ನಿಲ್ಲದಿದ್ದರೆ ಅದು ಡಾಕ್ಟರಿಗೆ ತೋರಿಸುವ ದನ. ಗರ್ಭಕೋಶದಲ್ಲಿ ಸೋಂಕು ಇರಬಹುದು. ಲೋಳೆ ಕನ್ನಡಿಯಂತೆ ತಿಳಿಯಾಗಿಲ್ಲದೆ ಮಜ್ಜಿಗೆಯಂತಿದ್ದರೆ ಸಂಶಯ ಬೇಡ. ಹೊತ್ತು ತಪ್ಪುವುದೂ ಇದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ಊರ ದನದ ಬೆದೆ ಗಿಡ್ಡ, ಅರ್ಧ ದಿನದಲ್ಲಿ ಮುಗಿದೇ ಹೋಗಬಹುದು.

ಗಬ್ಬ ನಿಂತು ಆರೇಳು ತಿಂಗಳಿಗೆ ಕಂದು ಹಾಕಿದರೆ ಬ್ರುಸೆಲ್ಲಾ ರೋಗದ ಭಯವಿದೆ. ಇದು ಮನುಷ್ಯರಿಗೂ ಹರಡುತ್ತದೆ. ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಶುರುವಾಗಿದೆ, ಒಂದು ಕರುವನ್ನೂ ಬಿಡದೆ ಹಾಕಿಸಿ. 2022ರಲ್ಲಿ ರಾಜ್ಯದಲ್ಲೆಲ್ಲ ಚರ್ಮಗಂಟು ರೋಗ ಬಂದಾಗ ಉಳಿದುಕೊಂಡ ದನಗಳೂ ಮೈ ಇಳಿದು ಬಹಳ ದಿನ ಬೆದೆಗೆ ಬರಲಿಲ್ಲ. ರೋಗ ಬಿಟ್ಟ ಕೂಡಲೇ ಸೂಜಿಗೆ ಅವಸರ ಮಾಡದೆ ಮೊದಲು ಮೈ ತುಂಬಿಸಿಕೊಳ್ಳಬೇಕು.

ವರ್ಷಕ್ಕೆ ನಾಲ್ಕು ಸಲ

ದಿನಾ ಅಂಕ ನೋಡುವ ಅಗತ್ಯವಿಲ್ಲ. ದೀಪಾವಳಿ ಗೋಪೂಜೆಗೆ ಎಲ್ಲ ದನವನ್ನೂ ಮೀಯಿಸುತ್ತೇವೆ, ಆಗ ಒಮ್ಮೆ ಕೈ ಆಡಿಸಿ. ಆ ದಿನ ಮೂರಕ್ಕಿಂತ ಕೆಳಗಿದ್ದ ದನ ಬೇಸಿಗೆ ದಾಟುವುದು ಕಷ್ಟ, ಅದಕ್ಕೆ ಮೇವು ಬೇರೆ ತೆಗೆದಿಡಿ. ಸಂಕ್ರಾಂತಿಗೆ ಎರಡನೇ ಸಲ. ಎಷ್ಟು ಹುಲ್ಲಿದೆ, ಎಷ್ಟು ಬಾಯಿ ಇದೆ ಅಂತ ಆಗಲೇ ಲೆಕ್ಕ ಹಾಕಿ. ಸಾಲದಿದ್ದರೆ ಎಲ್ಲವನ್ನೂ ಅರೆಹೊಟ್ಟೆಯಲ್ಲಿಡುವ ಬದಲು ಗಬ್ಬದ್ದಕ್ಕೆ ಮತ್ತು ಕಡಸಿಗೆ ಮೊದಲ ಪಾಲು. ಯುಗಾದಿಗೆ ಮೂರನೇ ಸಲ. ಮಳೆಗಾಲಕ್ಕೆ ಕರು ಹಾಕುವ ದನಗಳಿಗೆ ಹಿಂಡಿ ಶುರುಮಾಡುವ ಹೊತ್ತು ಅದು. ಚೌತಿಗೆ ನಾಲ್ಕನೇ ಸಲ. ಮೈ ಏರುತ್ತಿದ್ದರೆ ಬೆದೆ ಕಾಯಿರಿ.

ಕೊಟ್ಟಿಗೆಯ ಕಂಬದ ಮೇಲೆ ಸುಣ್ಣದ ಕಡ್ಡಿಯಲ್ಲಿ ದನದ ಹೆಸರು, ಅಂಕ, ಬೆದೆ ಬಂದ ತಾರೀಕು ಬರೆದಿಡಿ. ಡಾಕ್ಟರು ಬಂದಾಗ "ಯಾವಾಗ ಕರು ಹಾಕಿತ್ತು, ಯಾವಾಗ ಬೆದೆ ಬಂತು" ಅಂತ ಕೇಳುತ್ತಾರೆ. ಉತ್ತರ ಕಂಬದ ಮೇಲಿದ್ದರೆ ಅವರ ಅರ್ಧ ಕೆಲಸ ಆದ ಹಾಗೆ.